ಎಮ್ಮೆಯ ಹಾಡಿಗೊಂದು ನಕಲು

ಕಂಪ್ಯೂಟರಿನಿಂದ ಹೊರಟ ತಂತಿಯೊಂದು ಕಿಟಕಿ ದಾಟಿ, ಅಂಗಳದ ತುಳಸಿಕಟ್ಟೆಯನ್ನು ಬಳಸಿ, ಕೊಟ್ಟಿಗೆಯ ತೊಲೆಗೆ ಕಟ್ಟಿದ ಪುಟ್ಟ ಸ್ಪೀಕರಿನಲ್ಲಿ ಕೊನೆಗೊಳ್ಳುವ ಮನೆಯನ್ನು ನೀವು ಬೇರೆಲ್ಲೂ ಕಂಡಿರಲಾರಿರಿ. ಸದಲಗಾದ ನಮ್ಮ ಮನೆಗೆ ಬಂದವರು ಮೊದಲು ಆ ತಂತಿಯನ್ನು ನೋಡುತ್ತಾರೆ, ಆಮೇಲೆ ನನ್ನನ್ನು. ಶಾಲೆಯಲ್ಲಿ ಪಾಠ ಹೇಳುವ ಹೆಂಗಸು ಎಮ್ಮೆಗೆ ಹಾಡು ಕೇಳಿಸುತ್ತಾಳಲ್ಲ ಎಂಬ ಮರುಕ ಅವರ ಕಣ್ಣಿನಲ್ಲಿರುತ್ತದೆ. ಅವರನ್ನು ಕೂಡಿಸಿ, ಚಹಾ ಕೊಟ್ಟು, ನಡೆದದ್ದನ್ನು ಹೇಳುತ್ತೇನೆ. ನಿಮಗೂ ಹೇಳುತ್ತೇನೆ; ಚಹಾ ಮಾತ್ರ ನೀವೇ ಮಾಡಿಕೊಳ್ಳಬೇಕು.

ನಮ್ಮ ಎಮ್ಮೆಯ ಹೆಸರು ಚಂದ್ರಿ. ಅವಳ ಹಾಲು ಹಿಂಡುವುದು ನಮ್ಮ ಮಾವನ ಕೆಲಸವಾಗಿತ್ತು, ಹಿಂಡುವಾಗ ಹಾಡುವುದು ಅವರ ಸುಖವಾಗಿತ್ತು. ಭಜನೆಯಲ್ಲಿ ಪಳಗಿದ ತುಂಬುಕಂಠ ಅವರದು. ಚಂದ್ರಿಗಾಗಿಯೇ ಅವರು ಒಂದು ಪದ ಕಟ್ಟಿದ್ದರು: ವಾಸನೆಯ ಸಾಬೂನು ಹಚ್ಚಿಕೊಂಡು ಬಂದವರನ್ನು ಹತ್ತಿರ ಸೇರಿಸದ, ಮುಖ ನೋಡಿ ಹಾಲು ಕೊಡುವ, ಸಿಟ್ಟು ಬಂದರೆ ಬಾಲದಿಂದ ಕಪಾಳಕ್ಕೆ ಬಿಗಿಯುವ ರಾಣಿಯೊಬ್ಬಳ ಕಥೆ. ಪ್ರತಿ ನುಡಿಯ ಕೊನೆಗೆ "ಚಂದ್ರಿ, ಇಳಸ ನನ್ನವ್ವ" ಎಂದು ದನಿ ಎಳೆದರೆ ಆ ರಾಣಿ ಕಣ್ಣು ಅರೆಮುಚ್ಚಿ ಹಾಲು ಇಳಿಸುತ್ತಿದ್ದಳು.

ಒಂದು ವರ್ಷ ಮಾವನ ಗಂಟಲಲ್ಲಿ ಗಂಟು ಕಾಣಿಸಿತು. ಮಿರಜಿಗೆ ಹೋಗಿ ಆಪರೇಷನ್ ಮಾಡಿಸುವುದೆಂದಾಯಿತು. ದನಿ ಮೊದಲಿನಂತೆ ಉಳಿಯುವುದು ಕಷ್ಟವೆಂದು ಡಾಕ್ಟರು ಮುಂಚೆಯೇ ಹೇಳಿದ್ದರು. ಹೊರಡುವ ದಿನ ಬೆಳಿಗ್ಗೆ ಮಾವ ನನ್ನನ್ನು ಕೊಟ್ಟಿಗೆಗೆ ಕರೆದರು.

"ನಿನ್ನ ಫೋನ್ ತಗೊಂಡ ಬಾರವ್ವ. ಬಂದ ಮ್ಯಾಲ ದನಿ ಹೆಂಗಿರತೈತೋ ಏನೋ. ಚಂದ್ರಿಗಿ ಇದ್ದದ್ದನ್ನ ಇಟ್ಟ ಹೋಗೂಣು."

ಹಾಡಿದರು. ನಾನು ಅದನ್ನು ಹಿಡಿದಿಟ್ಟು ಕಂಪ್ಯೂಟರಿಗೆ ಹಾಕಿ, ಜಾಗ ಸಾಲದ ನನ್ನ ಫೋನಿನಿಂದ ಅಳಿಸಿದೆ.

ಆಪರೇಷನ್ ಚೆನ್ನಾಗಿ ಆಯಿತು, ಮಾವ ಗಟ್ಟಿಯಾದರು. ಆದರೆ ದನಿ ಒಣಗಿದ ಕಬ್ಬಿನ ಗರಿಯ ರವದಿಯ ಮೇಲೆ ಕಾಲಿಟ್ಟಂತೆ ಸರಬರ ಎನ್ನುತ್ತಿತ್ತು. ಹಿಂಡುವ ಕೆಲಸ ಅತ್ತೆಗೆ ಬಂತು. ಚಂದ್ರಿ ಹಾಲು ಕಟ್ಟಿ ನಿಂತಳು. ಆಗ ಹುಟ್ಟಿದ್ದು ನೀವು ಮೊದಲು ಕಂಡ ಆ ತಂತಿ. ಹಾಡು ಹಚ್ಚಿದ್ದೇ ತಡ, ಚಂದ್ರಿ ಕಿವಿ ನಿಮಿರಿಸಿದಳು, ಬಕೆಟ್ಟು ತುಂಬಿತು. ಅತ್ತೆ ನಕ್ಕರು. ಮಾವ ಮಾತ್ರ ತಮ್ಮ ಹಳೆಯ ದನಿ ಕೇಳಿಸಿದೊಡನೆ ಎದ್ದು ಹಿತ್ತಿಲಿಗೆ ಹೋದರು. ಅಂದಿನಿಂದ ದಿನವೂ ಹಾಗೇ. ಹಾಡು ಶುರುವಾಗುವುದು, ಅವರು ಏಳುವುದು.

ಕಂಪ್ಯೂಟರಿಗೆ ವಯಸ್ಸಾಗಿ ಅದು ಗೊರಗೊರ ಸದ್ದು ಮಾಡತೊಡಗಿದಾಗ ನನಗೆ ದಿಗಿಲಾಯಿತು. ಶಾಲೆಯಲ್ಲಿ ನಕಲು ಹೊಡೆಯುವ ಮಕ್ಕಳನ್ನು ಹಿಡಿಯುವುದು ನನ್ನ ಕಸುಬು. ಮನೆಯಲ್ಲಿ ನಕಲು ಇಲ್ಲವೆಂದು ನಾನೇ ಚಡಪಡಿಸಿದೆ. ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕೊಂದನ್ನು ಚಿಕ್ಕೋಡಿಯಿಂದ ತಂದು, ಒಂದು ಸಂಜೆ ಕೂತು ಎಲ್ಲವನ್ನೂ ಅದಕ್ಕೆ ಇಳಿಸತೊಡಗಿದೆ. ಮದುವೆಯ ಫೋಟೊ, ಹೊಲದ ಪಹಣಿ ಉತಾರ, ಮಕ್ಕಳ ಹುಟ್ಟುಹಬ್ಬ, ಮಾವನ ಹಾಡು. ಪರದೆಯ ಮೇಲೆ ಹಸಿರು ಗೆರೆ ಬೆಳೆಯುತ್ತಿತ್ತು. ಅಷ್ಟರಲ್ಲಿ ದೂಧಗಂಗಾ ಹೊಳೆಯ ಕಡೆಯಿಂದ ಕಾಲವಲ್ಲದ ಕಾಲದ ಮೋಡ ಬಂದು, ಮನೆಯ ನೆತ್ತಿಯ ಮೇಲೇ ಎಂಬಂತೆ ಸಿಡಿಲು ಹೊಡೆಯಿತು. ಸುಟ್ಟ ವಾಸನೆ. ಯಂತ್ರವೂ ಹೋಯಿತು, ಅದಕ್ಕೆ ಅಂಟಿಕೊಂಡಿದ್ದ ಹೊಸ ಡಿಸ್ಕೂ ಹೋಯಿತು.

ಮರುದಿನ ಬೆಳಿಗ್ಗೆ ಚಂದ್ರಿ ಹಾಲು ಇಳಿಸದೆ ನಿಂತಳು. ಅತ್ತೆ ಹಾಡಿದರು, ನನ್ನ ಗಂಡ ಹಾಡಿದರು. ಚಂದ್ರಿ ಅವರಿಬ್ಬರಿಗೂ ಬಾಲದಿಂದ ಉತ್ತರ ಕೊಟ್ಟಳು. ಸಂಜೆಗೆ ಕೆಚ್ಚಲು ಬಿಗಿದು ಕಲ್ಲಾಗಿತ್ತು. ಹೀಗೇ ಬಿಟ್ಟರೆ ಬಾವು ಬರುವುದು ಖಂಡಿತ. ಮಾವ ಅವಳ ಮೈಮೇಲೆ ಕೈಯಾಡಿಸುತ್ತ ನಿಂತಿದ್ದರು.

ನನ್ನ ಮೈದುನ ಮಹಾದೇವ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಾನೆ. ಹಾಡು ಹೋದದ್ದನ್ನು ಹೇಳಿ, ನಿಪ್ಪಾಣಿಯಲ್ಲಿ ಕಂಪ್ಯೂಟರ್ ರಿಪೇರಿಯವರು ಯಾರಾದರೂ ಗೊತ್ತೇ ಎಂದು ಕೇಳಲು ಅವನಿಗೆ ಫೋನ್ ಮಾಡಿದೆ.

"ರಿಪೇರಿ ಯಾಕ್ರಿ ವೈನಿ? ಅಪ್ಪನ ಹಾಡ ನನ್ನ ಪೆನ್ ಡ್ರೈವ್‌ದಾಗ ಐತಿ."

"ನಿನ್ನ ಹತ್ರ ಹೆಂಗ ಬಂತು?"

"ದೀಪಾವಳಿಗೆ ಬಂದಾಗ ನಿಮ್ಮ ಕಂಪ್ಯೂಟರದಾಗಿಂದ ಹಾಕ್ಕೊಂಡಿದ್ದೆ. ಟ್ರ್ಯಾಕ್ಟರದಾಗ ದಿನಾ ಅದನ್ನ ಹಚ್ಚತೀನಿ. ನಾ ಒಬ್ಬನ ಅಲ್ಲ, ಅಥಣಿ, ರಾಯಬಾಗ, ಕಾಗವಾಡದ ಡ್ರೈವರ್ ಮಂದೀನೂ ಕಾಪಿ ಮಾಡ್ಕೊಂಡಾರ. ಸಕ್ಕರಿ ಕಾರಖಾನಿ ಮುಂದ ಪಾಳಿ ಹಚ್ಚಿ ನಿಂತಾಗ ಎಲ್ಲಾರೂ ಕೂಡಿ ಹಾಡತೀವಿ."

ಆ ರಾತ್ರಿಯೇ ಅವನು ಬಂದ, ಒಬ್ಬನೇ ಅಲ್ಲ. ಅವನ ಖಾಲಿ ಟ್ರೇಲರಿನ ಹಿಂದೆ ಅಂಕಲಿಯ ಗೆಳೆಯನೊಬ್ಬನ ಟ್ರ್ಯಾಕ್ಟರೂ ಬಂದು ನಮ್ಮ ಅಂಗಳದ ಮುಂದೆ ನಿಂತಿತು. ಅವುಗಳ ದೊಡ್ಡ ಸ್ಪೀಕರುಗಳಿಂದ ಮಾವನ ದನಿ ಓಣಿಯ ತುಂಬ ಹರಡಿತು. ಅತ್ತೆ ಬಕೆಟ್ಟು ಹಿಡಿದು ಓಡಿದರು. ಚಂದ್ರಿ ಕಣ್ಣು ಅರೆಮುಚ್ಚಿದಳು. ಡ್ರೈವರುಗಳು ಬಾಗಿಲಲ್ಲಿ ನಿಂತು ದನಿಗೂಡಿಸಿದರು; ಬಾಲದ ಏಟಿನ ನುಡಿ ಮುಗಿದದ್ದೇ, ತಾವೇ ಕಟ್ಟಿದ ಮರಾಠಿ ನುಡಿಯೊಂದನ್ನೂ ಸೇರಿಸಿಬಿಟ್ಟರು.

ನಾನು ಹಿತ್ತಿಲ ಕಡೆ ನೋಡಿದೆ. ಮಾವ ಅಲ್ಲಿರಲಿಲ್ಲ. ಡ್ರೈವರುಗಳ ನಡುವೆ ಬಂದು ನಿಂತಿದ್ದರು.

"ಹಂಗಲ್ಲೋ," ಎಂದರು ಸರಬರ ದನಿಯಲ್ಲಿ. "'ನನ್ನವ್ವ' ಅನ್ನೂದಕ್ಕಿಂತ ಮೊದಲ ಚೂರ ತಡೀಬೇಕು. ಅಕಿ ಆ ತಡಿಯೋದನ್ನ ಕೇಳತಾಳ."

ಅಂಕಲಿಯ ಹುಡುಗ ತಡೆದು ಹಾಡಿದ. ಮಾವ ತಲೆದೂಗಿದರು. ಜೋಪಾನವೆಂದರೆ ಭದ್ರವಾಗಿ ಮುಚ್ಚಿಡುವುದೆಂದು ನಾನು ತಿಳಿದಿದ್ದೆ. ಹಾಡು ಉಳಿದದ್ದು ಕೈಯಿಂದ ಕೈಗೆ ದಾಟಿದ್ದರಿಂದ, ಧೂಳು ತಿಂದದ್ದರಿಂದ, ಪರರ ಬಾಯಲ್ಲಿ ಒಂದಿಷ್ಟು ಕೆಟ್ಟದ್ದರಿಂದ ಕೂಡ. ನಕಲಿನ ಬಗ್ಗೆ ಅಂದಿನಿಂದ ನನಗೆ ಗೌರವ ಬಂದಿದೆ, ಪರೀಕ್ಷೆಯ ಕೋಣೆಯೊಂದನ್ನು ಬಿಟ್ಟು.

ಮಹಾದೇವನ ಪೆನ್ ಡ್ರೈವಿನಿಂದ ಹಾಡು ಮನೆಗೆ ಮರಳಿತು; ಹೊಸ ಕಂಪ್ಯೂಟರ್ ಬರುವವರೆಗೆ ಅದಕ್ಕೆ ನನ್ನ ಫೋನಿನಲ್ಲೇ ಬೇರೆಯದನ್ನು ಅಳಿಸಿ ಜಾಗ ಮಾಡಿದೆ. ಮರುದಿನ ಬೆಳಿಗ್ಗೆ ಮಾವ ಅತ್ತೆಯ ಕೈಯಿಂದ ಬಕೆಟ್ಟು ತೆಗೆದುಕೊಂಡು ತಾವೇ ಚಂದ್ರಿಯ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಒಣದನಿಯಲ್ಲೇ ಒಂದು ನುಡಿ ಹಾಡಿದರು. ಚಂದ್ರಿ ಕತ್ತು ಹೊರಳಿಸಿ ಅವರನ್ನು ಮೂಸಿದಳು; ಹಾಲು ಇಳಿಸಲಿಲ್ಲ. ಮಾವನಿಗೆ ನಗು ಬಂತು, ದನಿಯಿಲ್ಲದ, ಹೆಗಲು ಕುಣಿಸುವ ನಗು.

"ಇಕಿಗಿ ಹಳೇ ದನೀನ ಬೇಕು ನೋಡು. ಹಚ್ಚವ್ವ ಅದನ್ನ."

ಹಚ್ಚಿದೆ. ಅವರು ಏಳಲಿಲ್ಲ. ತಮ್ಮದೇ ಹಳೆಯ ದನಿಯ ತಾಳಕ್ಕೆ, 'ನನ್ನವ್ವ' ಬರುವ ಮೊದಲು ಕೈ ಚೂರು ತಡೆದು, ಹಿಂಡುತ್ತ ಕೂತರು.