ಬಾಣಂತಿ ಖೋಲಿ ಹುಬ್ಬಳ್ಳಿಗೆ ಹೋದದ್ದು

ನಮ್ಮ ಅತ್ತೆಯವರ ಹಸಿರು ಗಾಜಿನ ಬಳೆಗಳು ಮಣಿಕಟ್ಟಿನಲ್ಲಿ ನಿಂತದ್ದನ್ನು ನಾನು ನೋಡಿದ್ದು ಅವರು ನಿದ್ದೆಯಲ್ಲಿದ್ದಾಗ ಮಾತ್ರ. ಎದ್ದಾಕ್ಷಣ ಅವನ್ನು ಮೊಣಕೈ ಹತ್ತಿರಕ್ಕೆ ಏರಿಸಿಬಿಡುತ್ತಿದ್ದರು. ಅಲ್ಲಿ ಚರ್ಮ ಬಿಗಿದು ಕೆಂಪು ಗೀರು ಬಿದ್ದಿರುತ್ತಿತ್ತು. ರೊಟ್ಟಿ ಬಡಿಯಲಿ, ಎಮ್ಮೆ ಹಿಂಡಲಿ, ಯಾರ ಜೊತೆಗಾದರೂ ಜಗಳಕ್ಕೆ ನಿಲ್ಲಲಿ, ತೋಳು ಸದಾ ಸಿದ್ಧ. ಕುಷ್ಟಗಿಯ ನಮ್ಮ ಓಣಿಯಲ್ಲಿ ಅವರ ಧ್ವನಿ ಕೇಳಿದರೆ ಉಳಿದವರು ತಮ್ಮ ಮಾತು ನಿಲ್ಲಿಸಿ, ಇವತ್ತು ಯಾರ ಪಾಳಿ ಎಂದು ಕಿವಿಗೊಡುತ್ತಿದ್ದರು.

ನನ್ನ ಪಾಳಿಯೂ ಬರುತ್ತಿತ್ತು. ನಾವು ತಾಯಿ ಮಗಳ ಹಾಗೆ ಇದ್ದೆವು ಎಂದು ಬರೆದರೆ ಅವರೇ ಎದ್ದು ಬಂದು ಬೈದಾರು. ನಾನು ಬಡಿದ ರೊಟ್ಟಿಗೆ ಅವರಿಟ್ಟ ಹೆಸರು ‘ಜಿಲ್ಲಾ ನಕಾಶೆ’. ನನ್ನ ಪಲ್ಯದಲ್ಲಿ ಖಾರವಿಲ್ಲ, ನಾನು ಕಟ್ಟಿದರೆ ಎಮ್ಮೆ ಬಿಚ್ಚಿಕೊಂಡು ಹೋಗುತ್ತದೆ. “ಕರೆಂಟಿನ ಸಾಲಿ ಕಲತಾಳ, ಒಲಿ ಹಚ್ಚಾಕ ಬರಂಗಿಲ್ಲ ನೋಡ್ರಿ” ಎಂದು ಮನೆಗೆ ಬಂದವರೆದುರು ಹೇಳುವರು. ನಾನೂ ಸುಮ್ಮನಿರುವ ಪೈಕಿ ಅಲ್ಲ, ತಿರುಗಿ ಅನ್ನುತ್ತಿದ್ದೆ. ಆದರೆ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪುಸ್ತಕ ಹಿಡಿದು ಕೂತಾಗ ಮಾತ್ರ ಅವರು ನನಗೆ ಒಂದು ಕೆಲಸವನ್ನೂ ಹೇಳುತ್ತಿರಲಿಲ್ಲ. ಬೇರೆಯವರಿಗೆ ಹೇಳಲೂ ಬಿಡುತ್ತಿರಲಿಲ್ಲ.

ಅದಕ್ಕೆ ಕಾರಣವಿತ್ತು. ಮದುವೆಯ ಮಾತುಕತೆಗೆ ಅವರೆಲ್ಲ ಅಳವಂಡಿಯ ನಮ್ಮ ಮನೆಗೆ ಬಂದಾಗ ಅಪ್ಪ, ಹುಡುಗಿ ಬಿ.ಇ. ಮುಗಿಸಿದ್ದಾಳೆ, ಎಂ.ಟೆಕ್ ಓದುವ ಆಸೆ ಇದೆ ಎಂದು ಹೆದರುತ್ತಲೇ ಹೇಳಿದ್ದ. ಗಂಡಸರೆಲ್ಲ ಚಹಾದ ಬಟ್ಟಲು ನೋಡುತ್ತ ಕೂತರು. ಅತ್ತೆಯವರೇ ಬಾಯಿ ಬಿಟ್ಟದ್ದು: “ಓದ್ಲಿ. ನಾ ಓದಸ್ತೀನಿ.” ಎಂ.ಟೆಕ್ ಎಂದರೇನು ಎಂಬುದು ಅವರಿಗೆ ಗೊತ್ತಿರಲಿಲ್ಲ. ತುಂಬಿದ ಮನೆಯಲ್ಲಿ ಆಡಿದ ಮಾತು ಎಂದರೇನು ಎಂಬುದು ಗೊತ್ತಿತ್ತು.

ಕೊಪ್ಪಳ ಆಗಷ್ಟೇ ಜಿಲ್ಲೆಯಾಗಿದ್ದ ಕಾಲ. ಎಂ.ಟೆಕ್ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕುವಾಗ ನಾನು ಬಸುರಿ. ಡಾಕ್ಟರ ಲೆಕ್ಕದ ಪ್ರಕಾರ ಪರೀಕ್ಷೆ ಮುಗಿದ ಮೇಲೆ ಹೆರಿಗೆ. ಮಗಳು ಯಾರ ಲೆಕ್ಕವನ್ನೂ ಕೇಳದೆ ಮೊದಲೇ ಬಂದಳು. ಪರೀಕ್ಷೆಯ ದಿನಕ್ಕೆ ಕೂಸಿಗೆ ತಿಂಗಳೂ ತುಂಬುವುದಿಲ್ಲ. ಪರೀಕ್ಷೆ ಇರುವುದು ಹುಬ್ಬಳ್ಳಿಯಲ್ಲಿ, ನಾನಿರುವುದು ತವರಿನ ಕತ್ತಲ ಖೋಲಿಯಲ್ಲಿ: ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ. ಆ ವರ್ಷ ಬರೆಯದಿದ್ದರೆ ಮುಂದೆಂದಾದರೂ ಬರೆಯುತ್ತೇನೆಂಬ ನಂಬಿಕೆ ನನಗಿರಲಿಲ್ಲ. ಕೂಸು, ಮನೆ, ಮತ್ತೊಂದು ಕೂಸು ಎನ್ನುತ್ತ ನನ್ನ ಜೊತೆಯ ಹುಡುಗಿಯರು ಪುಸ್ತಕ ಕಟ್ಟಿಟ್ಟದ್ದನ್ನು ಕಣ್ಣಾರೆ ಕಂಡಿದ್ದೆ.

ಅವ್ವ ಖಡಾಖಂಡಿತವಾಗಿ ಹೇಳಿಬಿಟ್ಟಳು. “ಹಸಿ ಬಾಣಂತಿ ಖೋಲಿ ಬಿಟ್ಟು ಹೊರಗ ಬರಂಗಿಲ್ಲ. ಗಾಳಿ ಬಡದ್ರ ಜಲ್ಮಪೂರ್ತಿ ತಲಿಬ್ಯಾನಿ.” ಚೊಚ್ಚಲ ಬಾಣಂತನ ತವರಿನವರದು, ಅದರಲ್ಲಿ ಅತ್ತೆಮನೆಯವರು ಬಾಯಿ ಹಾಕುವಂತಿಲ್ಲ. ಯಲಬುರ್ಗಾದಲ್ಲಿ ಮಾಸ್ತರಾಗಿದ್ದ ನನ್ನ ಗಂಡ ಬಂದು, “ಮುಂದಿನ ವರ್ಷ ನೋಡಿದ್ರಾತು” ಎಂದು ಹೇಳಿ ಹೋದರು. ಗೋಡೆ ಕಡೆ ಹೊರಳಿ ಮಲಗಿದೆ. ಸಿಟ್ಟು ಯಾರ ಮೇಲೆ ಎಂದು ತಿಳಿಯದಷ್ಟು ಸಿಟ್ಟು ಬಂದಿತ್ತು.

ಪರೀಕ್ಷೆಯ ಹಿಂದಿನ ದಿನ ಮನೆ ಮುಂದೆ ಒಂದು ಬಾಡಿಗೆ ಜೀಪು ನಿಂತಿತು. ಅತ್ತೆಯವರು ಇಳಿದರು. ಚರಿಗೆಯ ನೀರು ಕೊಟ್ಟರೆ ಕಾಲನ್ನೂ ತೊಳೆಯದೆ ಅವ್ವನ ಎದುರು ನಿಂತರು.

“ಬೀಗತ್ಯಾರ, ಬಾಣಂತಿ ಖೋಲಿ ಬಿಟ್ಟು ಬರಬಾರದು, ಹೌದಿಲ್ರಿ?”

“ಹೌದ್ರಿ ಮತ್ತ.”

“ಬರೂದು ಬ್ಯಾಡ. ಖೋಲಿನ ತಗೊಂಡು ಹೋಗೂಣು.”

ಅವ್ವ ಜೀಪಿನ ಹಿಂಬದಿ ಹೋಗಿ ಇಣುಕಿದಳು. ನಾಲ್ಕೂ ಕಡೆ ದಪ್ಪ ಕೌದಿ ಕಟ್ಟಿ ಕತ್ತಲು ಮಾಡಿದ್ದರು. ಕೆಳಗೆ ಗಾದಿ, ಅದರ ಮೇಲೆ ಕಂಬಳಿ, ತಲೆದಿಂಬಿನ ಕೆಳಗೆ ದೃಷ್ಟಿಗೆಂದು ಕುಡಗೋಲು, ಮೂಲೆಯಲ್ಲಿ ಬಾಣಂತಿಗೆ ತಿನ್ನಿಸುವ ಅಂಟಿನುಂಡಿಯ ಡಬ್ಬಿ. ಲೋಬಾನದ ಹೊಗೆಯನ್ನೂ ಹಾಕಿದ್ದರು. ಬಾಗಿಲಿಗೆ ಬೇವಿನ ತೊಪ್ಪಲು ಸಿಕ್ಕಿಸಿದ್ದರು.

“ಏನರ ಕಡಿಮಿ ಐತೇನ್ರಿ? ಹೇಳ್ರಿ, ಅದನ್ನೂ ಇಡೂಣು.”

ಅವ್ವ ತಪ್ಪು ಹುಡುಕುತ್ತ ಬಹಳ ಹೊತ್ತು ನಿಂತಳು. ಕಡೆಗೆ, “ಅಗ್ಗಿಷ್ಟಿಗಿ?” ಎಂದಳು.

“ಅದಕ್ಕ ಡ್ರೈವರ್ ಒಲ್ಲೆ ಅಂದ್ನಿರಿ, ಡೀಸೆಲ್ ಐತಂತ. ಅದರ ಬದ್ಲಿ ನೀವ ಬಂದು ಕುಂದರ್ರಿ. ಬೇಕಾದಷ್ಟು ಕಾವು ಆಗ್ತೈತಿ!”

ಅವ್ವನಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಬೇಡ ಎನ್ನುವುದು ಕಷ್ಟ. ಮರುದಿನ ಬೆಳಗು ಹರಿಯುವ ಮೊದಲೇ ಇಬ್ಬರು ಬೀಗತಿಯರ ನಡುವೆ ಕೂಸನ್ನು ಮಡಿಲಲ್ಲಿಟ್ಟುಕೊಂಡು ನಾನು ಹೊರಟೆ. ಹೊರಗಿನ ರಸ್ತೆ ಕಾಣದ ಆ ಕತ್ತಲಲ್ಲಿ ಗದಗ ಯಾವಾಗ ದಾಟಿತೋ ತಿಳಿಯಲಿಲ್ಲ.

ಪರೀಕ್ಷೆ ಇದ್ದ ಕಾಲೇಜಿನ ಗೇಟಿನೆದುರು ಜೀಪು ನಿಂತಿತು. ಕೂಸಿಗೆ ಹಾಲು ಕುಡಿಸಿ ಅತ್ತೆಯವರ ಕೈಗೆ ಕೊಟ್ಟೆ. “ಬಿಕ್ಕಿ ಬಿಕ್ಕಿ ಅಳಾಕ ಹತ್ತಿದ್ರ ಗೇಟಿನವನ ಕಡೆ ಹೇಳಿ ಕಳಸ್ರಿ, ಎದ್ದು ಬರ್ತೀನಿ” ಎಂದೆ. “ಹೂಂ, ನೀ ನಡಿ” ಎಂದರು.

ಮೇಲ್ವಿಚಾರಕರಿಗೆ ನನ್ನ ತಲೆಬಟ್ಟೆಯ ಮೇಲೆ ಅನುಮಾನ. ಚೀಟಿ ಇರಬಹುದೆಂದು ಬಿಚ್ಚಿಸಿದರು, ಕಿವಿಯ ಹತ್ತಿಯನ್ನೂ ತೆಗೆಸಿ ನೋಡಿದರು. ಲೋಬಾನದ ವಾಸನೆಗೆ ಪಕ್ಕದ ಹುಡುಗ ಬೆಂಚಿನ ತುದಿಗೆ ಸರಿದ. ಸರ್ಕ್ಯೂಟಿನ ಪ್ರಶ್ನೆಗಳು ಸಲೀಸಾಗಿ ಹೋದವು. ಥ್ರೀ ಫೇಸ್ ಮೋಟರಿನ ಲೆಕ್ಕಕ್ಕೆ ಬರುವ ಹೊತ್ತಿಗೆ ಎದೆ ಬಿಗಿದು ಹಾಲು ಸೋರತೊಡಗಿತು. ಕೂಸು ಈಗ ಹಸಿದಿರಬೇಕು ಎಂದು ಮೈಯೇ ಹೇಳುತ್ತಿತ್ತು. ಸೆರಗು ಹೊದ್ದುಕೊಂಡೆ, ಬಾಗಿಲ ಕಡೆ ನೋಡಿದೆ. ಯಾರೂ ಕರೆಯಲು ಬರಲಿಲ್ಲ. ಹಾಗಾದರೆ ಕೂಸು ಮಲಗಿದೆ ಎಂದು ನನಗೆ ನಾನೇ ಹೇಳಿಕೊಂಡು ಕಡೆಯ ಪ್ರಶ್ನೆಯವರೆಗೆ ಬರೆದೆ.

ಹೊರಗೆ ಬಂದರೆ ಗೇಟಿನ ಮುಂದೆ ಜೀಪಿಲ್ಲ. ಚಹಾದಂಗಡಿಯವನು ಕೈ ತೋರಿಸಿದ ಕಡೆ ಓಡಿದೆ. ಹಿಂದಿನ ಓಣಿಯ ಕೊನೆಯಲ್ಲಿ, ಕಾಲೇಜಿಗೆ ಯಾವ ಸದ್ದೂ ಕೇಳದಷ್ಟು ದೂರದಲ್ಲಿ ನಿಲ್ಲಿಸಿದ್ದರು. ಕೂಸು ಅತ್ತು ಅತ್ತು ದನಿ ಬಿದ್ದು ಮಲಗಿತ್ತು. ಅವ್ವನ ಕಣ್ಣು ಊದಿದ್ದವು. “ನಿಮ್ಮತ್ತಿದು ಕಲ್ಲಿನ ಎದಿ. ಎಷ್ಟು ಬಡಕೊಂಡ್ರೂ ನಿನ್ನ ಕರೀಲಿಲ್ಲ” ಎಂದಳು.

ನಾನೂ ರೇಗಿದೆ, ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅತ್ತೆಯವರು ಪೂರಾ ಕೇಳಿಸಿಕೊಂಡರು.

“ನಿನಗ ಕೂಸಿನ ದನಿ ಕೇಳಬಾರದಂತ ಜೀಪು ಸರಸೀನಿ. ಪೂರಾ ಬರದ್ಯೋ ಇಲ್ಲೋ, ಅದನ್ನ ಹೇಳು.”

“ಬರದೀನ್ರಿ.”

“ಮುಗೀತಲ್ಲ. ಹಾಲು ಕುಡಸು.”

ಸೀಟು ಸಿಕ್ಕಿತು. ಕಂಪ್ಯೂಟರ್ ವಿಭಾಗ ತಗೋ, ನೌಕರಿ ಬೇಗ ಸಿಗುತ್ತದೆ ಎಂದು ಬಂಧುಗಳೆಲ್ಲ ಬುದ್ಧಿ ಹೇಳಿದರು. ನನಗೆ ವಿದ್ಯುತ್ ಜಾಲಗಳ ಓದೇ ಬೇಕಿತ್ತು. “ಓದಾಕಿ ಅಕಿ ಐದಾಳ, ನೀವೇನು ಅಭ್ಯಾಸ ಮಾಡಾವ್ರನ?” ಎಂದು ಅತ್ತೆಯವರು ಅವರ ಬಾಯಿ ಮುಚ್ಚಿಸಿದರು. ಮುಂದೆ ಕುಷ್ಟಗಿಯ ಮನೆಯನ್ನು ಮಾವನವರಿಗೆ ಒಪ್ಪಿಸಿ, ಜೋಳದ ಹಿಟ್ಟಿನ ಚೀಲದೊಂದಿಗೆ ನನ್ನ ಜೊತೆ ಪರ ಊರಿನ ಒಂದೇ ಖೋಲಿಯ ಬಾಡಿಗೆ ಮನೆಗೆ ಬಂದರು. ಅಲ್ಲಿಯ ನೀರನ್ನು, ಅನ್ನವನ್ನು, ನನ್ನನ್ನು ದಿನಾಲೂ ಬೈಯುತ್ತ ನನ್ನ ಓದು ಮುಗಿಯುವವರೆಗೆ ಮಗಳನ್ನು ಕಂಕುಳಲ್ಲಿ ಹೊತ್ತರು. ಲ್ಯಾಬಿನ ಬಿಡುವಿಗೆ ಸರಿಯಾಗಿ ಕೂಸಿನೊಡನೆ ಕಾಲೇಜಿನ ಮೆಟ್ಟಿಲ ಬಳಿ ಹಾಜರಿರುತ್ತಿದ್ದರು. ಒಳಗೆ ಬಿಡದ ಕಾವಲುಗಾರ ಎರಡನೆಯ ವಾರದಿಂದ ಅವರಿಗೆ ತಾನೇ ಕುರ್ಚಿ ಹಾಕಿಕೊಡುತ್ತಿದ್ದ.

ಈಗ ನಾನು ಎಂ.ಟೆಕ್ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತೇನೆ. ಅತ್ತೆಯವರು ಹಾಸಿಗೆ ಹಿಡಿದಾಗ ರಜೆ ಹಾಕಿ ಕುಷ್ಟಗಿಗೆ ಹೋಗಿದ್ದೆ. ಒಂದು ಮುಂಜಾನೆ ಗಂಜಿ ಕುಡಿಸುತ್ತಿದ್ದಾಗ ತಾವಾಗಿಯೇ ಅಂದರು:

“ಅವತ್ತು ಜೀಪು ನಿನ್ನ ಸಲುವಾಗಿ ಸರಸಲಿಲ್ಲವ್ವಾ.”

“ಮತ್ತ್ಯಾಕ್ರಿ?”

“ಕೂಸು ಉಸಿರು ಕಟ್ಟಿದಂಗ ಅಳಾಕ ಹತ್ತಿತು. ಎತಗೊಂಡು ಗೇಟಿಗಿ ಹೋದ್ನಿ. ಯಾರನ್ನ ಕರೀಬೇಕಂತ ಗೇಟಿನಂವ ಕೇಳಿದ. ನಿನ್ನ ಹೆಸರು ಬಾಯಾಗ ಬಂದಿತ್ತು. ಯಾರನ್ನೂ ಬ್ಯಾಡ ಅಂದು ಹೊಳ್ಳಿ ಬಂದ್ನಿ. ಅಲ್ಲೇ ಇದ್ರ ಮತ್ತ ಹೋಗಿ ಕರದ ಬಿಡ್ತೀನಂತ ದೂರ ಸರಸಿದ್ನಿ.”

“ಛಲೋ ಮಾಡಿದ್ರಿ, ಅತ್ತಿಯವರ.”

“ಛಲೋ ಆತಂತ ಈಗ ಅಂತಿ. ಕೂಸಿಗೇನರ ಆಗಿದ್ರ?”

ನನಗೆ ಅಳು ತಡೆಯಲಾಗಲಿಲ್ಲ. “ಗಂಜಿ ಆರ್ತೈತಿ” ಎಂದು ಗದರಿದರು. ಆ ವಾರವೇ ಹೋದರು.

ನನ್ನ ಓದು ನನ್ನ ಹಠದಿಂದ ಆದದ್ದೆಂದು ಅಷ್ಟು ವರ್ಷ ತಿಳಿದಿದ್ದೆ. ನಾನು ಒಳಗೆ ಕೂತು ಬರೆದವಳು, ಅಷ್ಟೆ. ಅಳುವ ಕೂಸನ್ನು ಎತ್ತಿಕೊಂಡು ಆ ಗೇಟಿನಿಂದ ಹೊಳ್ಳಿ ಹೋದವರು ಅವರು.