ಏರ್‌ಗನ್ ತಾತ

ನಮ್ಮ ತಾತನನ್ನು ಊರು ಕರೆಯುತ್ತಿದ್ದದ್ದು 'ಏರ್‌ಗನ್ ತಾತ' ಎಂದು. ದೊಡ್ಡ ಯುದ್ಧದಲ್ಲಿ, ಬರ್ಮಾದ ಮೇಲೆ ಬಾಂಬ್ ಹಾಕುವ ವಿಮಾನದಲ್ಲಿ ಮಷಿನ್‌ಗನ್ ಹಾರಿಸುವ ಏರ್ ಗನ್ನರ್ ಆಗಿದ್ದವರು ಅವರು. ನಮ್ಮೂರಿನ ಕಿವಿಗೆ ಕೇಳಿಸಿದ್ದು ಏರ್‌ಗನ್. ಏರ್‌ಗನ್ ಎಂದರೆ ಊರಿಗೆ ಕೊಕ್ಕರೆ ಹೊಡೆಯುವುದು, ತೆಂಗಿನ ಮರದ ಕೋತಿ ಓಡಿಸುವುದು, ಅಷ್ಟೇ! ಸತ್ತ ಮೇಲೂ ಆ ಹಾಳು ಹೆಸರು ಬಿಡಲಿಲ್ಲ.

ತಾತ ಕೂರುತ್ತಿದ್ದದ್ದು ವಿಮಾನದ ಹಿಂದಿನ ಸೀಟಿನಲ್ಲಿ, ಬಾಲದ ಕಡೆ ಮುಖ ಮಾಡಿಕೊಂಡು. ಬೆನ್ನಟ್ಟಿ ಬರುವ ಶತ್ರು ವಿಮಾನ ಮೊದಲು ಹೊಡೆಯುವುದೇ ಅಲ್ಲಿಗೆ. "ನನ್ಗಿಂತ ಮುಂಚೆ ಅಲ್ಲಿ ಕೂತಿದ್ದ ಉಡ್ಗುನ್ನ ಬಾಚಿ ತಗುದ್ರು ಕನ ಕೂಸೇ. ನೀರಾಕಿ ತೊಳುದ್ರೂ ವಾಸ್ನ ಓಗಿರ್ನಿಲ್ಲ. ಅದ್ರ ಮ್ಯಾಲೇ ಕೂತ್ಕಂಡೆ" ಎಂದು ನನ್ನೊಬ್ಬಳಿಗೇ ಹೇಳಿದ್ದರು.

ಕೊಳ್ಳೇಗಾಲದ ಬಸ್ಸಿನಲ್ಲೂ ಅವರಿಗೆ ಕೊನೆಯ ಸೀಟೇ ಬೇಕು. ತಿರುಗಿ ಕೂತು ಹಿಂದಿನ ಗಾಜಿನಲ್ಲಿ ರಸ್ತೆ ನೋಡುವರು. "ಯಾರ್ ಬತ್ತಾವ್ರೆ ತಾತೋ?" ಎಂದು ಕಂಡಕ್ಟರ್ ಕಿಚಾಯಿಸುವನು. "ಬಂದ್ರ ಮೊದ್ಲು ನನ್ಗೇ ಕಣ್ಲಾ ಕಾಣಾದು" ಎನ್ನುವರು ತಾತ. ಬಸ್ಸಿಗೆ ಬಸ್ಸೇ ನಗುವುದು. ನನಗೆ ಮೈಯೆಲ್ಲ ಉರಿಯುವುದು.

ಮೊನ್ನೆ, ಹನೂರು ರಸ್ತೆಯಲ್ಲಿ ನಮ್ಮೂರ ಬಾಗಿಲಿಗೆ, ಸೈನ್ಯಕ್ಕೆ ಹೋದವರ ಹೆಸರಿನ ಕಲ್ಲು ನಿಲ್ಲಿಸುತ್ತಾರೆ ಎಂದು ಕೇಳಿ ಹೋದೆ. ಯಳಂದೂರಿನಿಂದ ಬಂದ ಕಲ್ಲುಕುಟಿಗ ಹೆಸರುಗಳನ್ನು ಸೀಮೆಸುಣ್ಣದಲ್ಲಿ ಬರೆದುಕೊಂಡು ಉಳಿ ಹಿಡಿದಿದ್ದ. ತಾತನ ಹೆಸರಿಲ್ಲ!

"ಅಯ್ಯೋ ಅಕ್ಕಾ, ಅವ್ರು ಏರ್‌ಗನ್ ಅಲ್ವಾ? ಅದೂ ಯುದ್ದಾನಾ?" ಎಂದರು ಕಲ್ಲು ಕೊಡಿಸಿದ ಪಂಚಾಯ್ತಿ ಮೆಂಬರ್.

ಬಾಯಿಗೆ ಬಂದದ್ದೆಲ್ಲ ಅಂದೆ. ತೊಳೆದರೂ ಹೋಗದ ಆ ವಾಸನೆಯನ್ನೂ ಹೇಳಿದೆ. ಮೆಂಬರ್ ತಲೆ ಕೆರೆದುಕೊಂಡರು.

"ಆಯ್ತು, ಬರಸ್ತೀನಿ ಬುಡಿ. ಆದ್ರ ಮುಂದ್ಗಡ ಜಾಗ ಇಲ್ಲ ಕನಕ್ಕಾ. ಹಿಂದ್ಗಡ ಹಾಕುಸ್ತೀನಿ."

ಹಿಂದೆ! ಮತ್ತೆ ಹಿಂದೆ! ರೇಗಿಹೋಯಿತು ನನಗೆ. ಕಲ್ಲಿನ ಮುಂಭಾಗ ನೋಡಿದೆ. ಯುದ್ಧಕ್ಕೆ ಹೋದವರ ಹೆಸರುಗಳಿಗಿಂತ ದೊಡ್ಡ ಅಕ್ಷರದಲ್ಲಿ, ಎಲ್ಲರ ತಲೆಯ ಮೇಲೆ, 'ದಾನಿಗಳು' ಎಂದು ಮೆಂಬರ್ ಹೆಸರು.

"ನಮ್ ತಾತ ಹಿಂದ್ಗಡ ಕೂತಿದ್ದು ಸಾಕು. ನಿಮ್ದುನ್ನ ಹಾಕುಸ್ಕಳಿ ಅಲ್ಲಿ" ಎಂದೆ.

ಅವರು ಬಾಯಿ ಬಿಡುವ ಮೊದಲೇ ಸೀಮೆಸುಣ್ಣದಲ್ಲಿದ್ದ ಅವರ ಹೆಸರನ್ನು ಸೆರಗಿನಿಂದ ಒರೆಸಿಬಿಟ್ಟೆ. ಒರೆಸಿದ ಜಾಗದಲ್ಲಿ ತಾತನ ಹೆಸರು ಬರೆದು, ಪಕ್ಕದಲ್ಲಿ 'ಏರ್ ಗನ್ನರ್' ಎಂದು ಬಿಡಿಸಿ ಬರೆದೆ. ಕಲ್ಲುಕುಟಿಗ ಕೊನೆಯ 'ರ್' ಕೆತ್ತಿ ಮುಗಿಸುವವರೆಗೂ ಅಲ್ಲಿಂದ ಕದಲಲಿಲ್ಲ.