ಟ್ಯಾಂಕಿನ ಕೆಳಗಿನ ಕೌದಿ

ಇವತ್ತು ಬೆಳಿಗ್ಗೆ ಪುಣೆಯ ವಾಕಡದ ನಮ್ಮ ಗಲ್ಲಿಯ ತುದಿಯಲ್ಲಿ ಯಾರೋ ಥರ್ಮೊಕೋಲ್ ಸುಡುತ್ತಿದ್ದರು. ಆ ವಾಸನೆ ಅಡುಗೆಮನೆಗೆ ನುಗ್ಗಿದ್ದೇ ತಡ, ಕೈಯಲ್ಲಿದ್ದ ಚಹಾದ ಲೋಟವನ್ನು ಕಟ್ಟೆಯ ಮೇಲೆ ಕುಕ್ಕಿದೆ. "ಮುಂಜಾನೆದ್ದು ಲೋಟದ ಮ್ಯಾಲೆ ಯಾಕ ಸಿಟ್ಟು?" ಎಂದರು ನಮ್ಮ ಮನೆಯವರು. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮದುವೆಯಾದಾಗಿನಿಂದ ಅವರ ದೂರು. ಇರಬಹುದು. ಆದರೆ ಈ ಸಿಟ್ಟಿನ ಕಥೆ ಕೇಳಿ ನೀವೇ ಹೇಳಿ.

ಕೆಲವು ವರ್ಷಗಳ ಹಿಂದೆ ಇಲ್ಲಿಯ ಒಂದು ಶಾಲೆಯಲ್ಲಿ ನಾನು ಚಿತ್ರಕಲೆ ಕಲಿಸುತ್ತಿದ್ದೆ. ಕಲಿಸುತ್ತಿದ್ದೆ ಅನ್ನುವುದು ದೊಡ್ಡ ಮಾತು. ಹೆಚ್ಚಿನ ಹೊತ್ತು ನೆಲಕ್ಕೆ ಚೆಲ್ಲಿದ ಬಣ್ಣ ಒರೆಸುತ್ತಿದ್ದೆ. ಏಳನೆಯ ತರಗತಿಯವರಿಗೆ ಆಗ ಎರಡನೆಯ ಮಹಾಯುದ್ಧದ ಪಾಠ ನಡೆದಿತ್ತು. ಗಂಡಸರು ಯುದ್ಧಕ್ಕೆ ಹೋದ ಮೇಲೆ ಮನೆಯಲ್ಲಿ ಉಳಿದವರು ಹೇಗಿದ್ದರು, ಅದನ್ನು ಏನಾದರೂ ಮಾಡಿ ತೋರಿಸಿ ಎಂದು ಮಕ್ಕಳಿಗೆ ಹೇಳಿದ್ದೆ.

ಆ ತರಗತಿಯಲ್ಲಿ ರೇಣುಕಾ ಇದ್ದಳು. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಗಳು. ಮರಾಠಿಯಲ್ಲಿ ಮೂಕಿ, ನನ್ನೆದುರು ಕನ್ನಡದಲ್ಲಿ ವಾಚಾಳಿ. ಅವಳು ತಂದದ್ದು ಒಂದು ಕೌದಿ. ಹಳೆ ಸೀರೆಗಳ ತುಂಡು ಕೂಡಿಸಿ ಅಜ್ಜಿ ಸಾಬವ್ವನ ಜೊತೆ ಕೂತು ಹೊಲಿದದ್ದು. ಕಪ್ಪು ಬಟ್ಟೆಯ ನಡುವೆ ಒಂದು ಒಲೆ, ಒಲೆಯ ಮುಂದೆ ಒಬ್ಬ ಹೆಂಗಸು, ಪಕ್ಕದ ತಟ್ಟೆಯಲ್ಲಿ ಒಂದೇ ರೊಟ್ಟಿ. ಬಂದೂಕಿಲ್ಲ, ಬಾವುಟವಿಲ್ಲ.

"ನಮ್ಮಪ್ಪ ಇಂಗ್ಲಿಷರ ಫೌಜಿನಾಗ ಬರ್ಮಾಕ್ಕ ಹೋದಾಂವ ಹೊಳ್ಳಿ ಬರಲಿಲ್ಲ ನೋಡ್ರಿ ಅಕ್ಕೋರ," ಎಂದಿದ್ದಳು ಅದನ್ನು ಕೊಡಲು ಮೊಮ್ಮಗಳ ಜೊತೆ ಬಂದಿದ್ದ ಸಾಬವ್ವ. "ನಾ ಅವ್ವನ ಹೊಟ್ಟ್ಯಾಗಿದ್ದೆ. ಅವ್ವ ಸಾಯತನಕ ದಿನಾ ಒಂದು ರೊಟ್ಟಿ ಅವನ ಪಾಲಂತ ತೆಗೆದಿಡತಿದ್ಲು."

ಮಕ್ಕಳು ಮಾಡಿದ್ದನ್ನೆಲ್ಲ ಶಾಲೆಯಲ್ಲಿ ಪ್ರದರ್ಶನಕ್ಕಿಟ್ಟ ದಿನ ಸಾಬವ್ವ ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ಉಟ್ಟು ಬಂದಳು. ಗೋಡೆಗಳನ್ನೆಲ್ಲ ನೋಡಿದಳು. "ನಮ್ದು ಎಲ್ಲಿ ಅದ ರೀ?" ನಾನೂ ಹುಡುಕಿದೆ. ಹಿಂದಿನ ಸಂಜೆ ನಾನೇ ಕಟ್ಟಿದ್ದ ಜಾಗದಲ್ಲಿ ಬರಿಯ ಮೊಳೆ ಇತ್ತು.

ವೇದಿಕೆಯ ಮೇಲೆ ಮುಖ್ಯಾಧ್ಯಾಪಕಿ ಹೊರಗಿನವರಿಂದ ಮಾಡಿಸಿದ, ಥರ್ಮೊಕೋಲಿನ ಯುದ್ಧದ ಟ್ಯಾಂಕು ನಿಂತಿತ್ತು. ಅದು ಜಾರದಿರಲೆಂದು ಕೆಳಗೆ ಏನನ್ನೋ ಮಡಚಿ ಹಾಸಿದ್ದರು. ಅದರ ಅಂಚಿನಿಂದ ಒಲೆಯ ಕೆಂಪು ಇಣುಕುತ್ತಿತ್ತು.

ಇದೇನೆಂದು ಕೇಳಿದ್ದಕ್ಕೆ ಮುಖ್ಯಾಧ್ಯಾಪಕಿ ನಕ್ಕೇ ಹೇಳಿದರು: "ಪಾಹುಣೆ ಯೇಣಾರ್, ರಡಾರಡ ನಕೋ." ಅತಿಥಿಗಳು ಬರುತ್ತಾರೆ, ಅಳು ಬೇಡ.

ವೇದಿಕೆ ಹತ್ತಿ ಟ್ಯಾಂಕನ್ನು ಎರಡೂ ಕೈಯಿಂದ ನೂಕಿದೆ. ಅದರ ಕೊಳವೆ ಮುರಿದು ಮುಖ್ಯ ಅತಿಥಿಯ ಕುರ್ಚಿಯ ಮೇಲೆ ಬಿತ್ತು. ಪುಣ್ಯಕ್ಕೆ ಕುರ್ಚಿ ಇನ್ನೂ ಖಾಲಿ ಇತ್ತು. ಕೌದಿ ಎಳೆದು ಬಿಡಿಸಿದೆ. ಟ್ಯಾಂಕಿನ ಒಣಗದ ಹಸಿರು ಪೇಂಟು ರೊಟ್ಟಿಯ ಮೇಲೆಲ್ಲ ಮೆತ್ತಿತ್ತು.

"ಬಿಡ್ರಿ ಅಕ್ಕೋರ, ಒಗದರ ಹೋಗ್ತದ," ಎಂದಳು ಸಾಬವ್ವ. ಅವಳೇ ನನ್ನನ್ನು ಸಮಾಧಾನ ಮಾಡುತ್ತಿದ್ದಳು! ಆ ಸೌಮ್ಯತೆಯ ಮೇಲೂ ನನಗೆ ರೇಗಿತು.

ರೇಣುಕಾ ಮಾತ್ರ ಕೌದಿಯ ಒಂದು ತುದಿ ಹಿಡಿದು ನೆಟ್ಟಗೆ ನಿಂತಳು. "ಒಗೀಬ್ಯಾಡ ಅಜ್ಜಿ. ಯಾರ್ ಹೊಲಸು ಮಾಡ್ಯಾರ, ಅವ್ರು ನೋಡ್ಲಿ." ಇನ್ನೊಂದು ತುದಿ ನಾನು ಹಿಡಿದೆ. ಅತಿಥಿಗಳು ಬಂದು ಭಾಷಣ ಮುಗಿಸುವವರೆಗೂ ಇಬ್ಬರೂ ಸಭೆಯ ಮುಂದೆ ಹಾಗೇ ನಿಂತಿದ್ದೆವು. ಅವರು ನಮ್ಮತ್ತ ನೋಡದೆ ಮಾತಾಡಿದರು. ನನ್ನ ಕೆಲಸ ಆ ವಾರವೇ ಹೋಯಿತು.

ಸಾಬವ್ವ ಈಗಿಲ್ಲ. ರೇಣುಕಾ ಕಾಲೇಜಿನಲ್ಲಿದ್ದಾಳೆ. ಇಷ್ಟು ಬರೆದ ಮೇಲೆ ತಡೆಯಲಾರದೆ ಅವಳಿಗೆ ಫೋನ್ ಮಾಡಿದೆ. "ಅದು ನೆನಪಾದರ ನನಗ ಇನ್ನೂ ಮೈ ಉರೀತದ ನೋಡವಾ," ಎಂದೆ.

"ನನಗೂ ರೀ ಟೀಚರ್," ಎಂದಳು. "ನೀವು ಮರ್ತೀರಿ ಅನ್ಕೊಂಡಿದ್ದೆ."

ಫೋನ್ ಇಟ್ಟೆ. ಸಿಟ್ಟು ಒಂದಿಷ್ಟೂ ಇಳಿದಿಲ್ಲ. ಆದರೆ ಇಷ್ಟು ವರ್ಷ ಅದು ನನ್ನೊಬ್ಬಳದೇ ಎಂದುಕೊಂಡಿದ್ದೆನಲ್ಲ, ಅದು ಸುಳ್ಳಾಯಿತು.